ಮಾದರಿ ರೈಲಿಗೆ ಬಂದರಿನ ಧಕ್ಕೆ: ಯಾವ ಊರು, ಯಾವ ಅಳತೆ, ಯಾವ ನೀರು

ಬಂದರಿನ ನೀರು ತಿಳಿಯಾಗಿರುವುದಿಲ್ಲ. ಹೂಳು, ಎಣ್ಣೆ, ಪಾಚಿ, ಊರಿನ ಕೊಳೆ ಎಲ್ಲ ಸೇರಿ ಎರಡಡಿ ಕೆಳಗೇನಿದೆ ಅಂತಲೂ ಕಾಣಿಸದು. ಮಾದರಿ ರೈಲಿನ ಪಕ್ಕ ಧಕ್ಕೆ (ಹಡಗು, ದೋಣಿ ಬಂದು ನಿಲ್ಲುವ ಕಟ್ಟೆ) ಕಟ್ಟಲು ಹೊರಟವರು ಇದೊಂದನ್ನು ಮೊದಲೇ ತಲೆಯಲ್ಲಿಟ್ಟುಕೊಂಡರೆ ಅರ್ಧ ಖರ್ಚು, ಮುಕ್ಕಾಲು ತಲೆನೋವು ಉಳಿಯುತ್ತದೆ. ವಿಡಿಯೊಗಳಲ್ಲಿ ಕಾಣುವ ಎರಡಿಂಚು ಆಳದ, ಸುರಿದ ಮೇಲೆ ಗಟ್ಟಿಯಾಗುವ ಗಾಜಿನಂಥ ರೆಸಿನ್ ಮಲೆನಾಡಿನ ತೊರೆಗೆ ಸರಿ. ವ್ಯಾಗನ್ನುಗಳು ನಿಂತ ಧಕ್ಕೆಗೆ ಬೇಕಾದ್ದು ಚೆನ್ನಾಗಿ ಬಣ್ಣ ಬಳಿದ ಒಂದು ಹಲಗೆ, ಅದರ ಮೇಲೆ ಒಂದೆರಡು ಮಿಲಿಮೀಟರ್ ಹೊಳಪು, ಅಷ್ಟೆ. ಹಾಗಿದ್ದರೂ ರೆಸಿನ್ನೇ ಬೇಕಾಗುವ ಸಂದರ್ಭಗಳಿವೆ. ಅವನ್ನೂ ನೋಡೋಣ.

ಕೆಳಗಿನ ಲೆಕ್ಕಕ್ಕೆಲ್ಲ 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲದ ಹಲಗೆ, ಅದರಲ್ಲಿ ಮುಂದಿನ 18 ಸೆಂ.ಮೀ. ನೀರು ಎಂದು ಇಟ್ಟುಕೊಂಡಿದ್ದೇವೆ. ಮನೆಯ ಮೇಜಿನ ಮೇಲೆ ಕೂರುವ, ಇಬ್ಬರು ಎತ್ತಿ ಸಾಗಿಸಬಹುದಾದ ಗಾತ್ರ ಇದು.

ಮೊದಲು ಊರು

"ಯಾವುದೋ ಒಂದು ಬಂದರು" ಅಂತ ಶುರು ಮಾಡಿದರೆ ಗೋಡೆಯ ಎತ್ತರದಿಂದ ಪಾಚಿಯ ಪಟ್ಟಿಯವರೆಗೆ ಎಲ್ಲವೂ ಅಂದಾಜು ಆಗುತ್ತದೆ. ಇರುವ ಒಂದು ಊರನ್ನು ಹಿಡಿದುಕೊಳ್ಳಿ. ಊರಿನ ಆಯ್ಕೆಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಉಬ್ಬರ-ಇಳಿತ. ಮೂರು ಬಗೆಯ ಬಂದರು ನೋಡಿ.

ಇಂಗ್ಲೆಂಡಿನ ಬ್ರಿಸ್ಟಲ್: ಏವನ್ ನದಿಯಲ್ಲಿ ಉಬ್ಬರ-ಇಳಿತದ ಅಂತರ 12 ಮೀಟರಿಗೂ ಮಿಕ್ಕಿ ಇರುತ್ತದೆ. ಹಡಗುಗಳು ಕೆಸರಿನಲ್ಲಿ ಕೂತುಬಿಡುತ್ತಿದ್ದವು. ಅದಕ್ಕೇ ವಿಲಿಯಂ ಜೆಸ್ಸಪ್ ಯೋಜನೆಯಂತೆ 1809ರಲ್ಲಿ ನದಿಗೆ ಲಾಕ್ ಗೇಟು ಹಾಕಿ ಒಳಗಿನ ನೀರನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಿದರು. ಮಾದರಿ ಕಟ್ಟುವವರಿಗೆ ಇದರ ಅರ್ಥ: ಗೋಡೆಯ ಮೇಲೆ ಅಗಲವಾದ ಪಾಚಿ ಪಟ್ಟಿ ಬೇಕಿಲ್ಲ, ನೀರಿನ ಅಂಚಿನಲ್ಲಿ ಎರಡು ಮೂರು ಮಿ.ಮೀ. ಹಸಿರು ಸಾಕು. ಪ್ರಿನ್ಸಸ್ ವಾರ್ಫ್ ಉದ್ದಕ್ಕೂ ಕಲ್ಲುಹಾಸಿನಲ್ಲಿ ಹೂತ ಹಳಿ, ಅದರ ಪಕ್ಕ 1951ರ ನಾಲ್ಕು ವಿದ್ಯುತ್ ಕ್ರೇನುಗಳು ಈಗಲೂ ನಿಂತಿವೆ. ಚಿತ್ರಗಳು ಬೇಕಾದಷ್ಟು ಸಿಗುತ್ತವೆ. ಮೊದಲ ಸಲ ಕಟ್ಟುವವರಿಗೆ ಇದೇ ಒಳ್ಳೆಯದು.

ನ್ಯೂಯಾರ್ಕ್: ಇಲ್ಲಿ ರೈಲು ದಡದಲ್ಲಿ ನಿಲ್ಲುವುದಿಲ್ಲ, ನೀರಿನ ಮೇಲೇ ಹೋಗುತ್ತದೆ. ಹಳಿ ಹಾಕಿದ ಬಾರ್ಜಿನ (ಚಪ್ಪಟೆ ತಳದ ಸರಕು ದೋಣಿಯ) ಮೇಲೆ ವ್ಯಾಗನ್ನುಗಳನ್ನು ನಿಲ್ಲಿಸಿ ಟಗ್ ದೋಣಿಯಿಂದ ದಾಟಿಸುತ್ತಾರೆ. ಜರ್ಸಿ ಸಿಟಿಯ ಗ್ರೀನ್‌ವಿಲ್‌ನಿಂದ ಬ್ರೂಕ್ಲಿನ್ನಿನ 65ನೇ ಬೀದಿಗೆ ಈ ಸಾಗಣೆ ಈ ಶತಮಾನಕ್ಕೂ ಮುಂದುವರಿದಿದೆ. ಉಬ್ಬರದ ಅಂತರ ಸುಮಾರು ಒಂದೂವರೆ ಮೀಟರ್. ಹಾಗಾಗಿ ದಡಕ್ಕೂ ಬಾರ್ಜಿಗೂ ನಡುವೆ ಏರಿಳಿಯುವ ಸೇತುವೆ ಬೇಕು. ಆಟದ ದೃಷ್ಟಿಯಿಂದ ಇದನ್ನು ಮೀರಿಸುವ ಬಂದರು ಇನ್ನೊಂದಿಲ್ಲ: ಭಾರದ ಎಂಜಿನ್ ಸೇತುವೆ ಹತ್ತದಂತೆ ಬಹಳ ಕಡೆ ನಡುವೆ ಖಾಲಿ ಫ್ಲಾಟ್ ವ್ಯಾಗನ್ನುಗಳನ್ನು ಜೋಡಿಸಿ ತಳ್ಳುತ್ತಿದ್ದರು, ಬಾರ್ಜು ಒಂದು ಕಡೆಗೆ ವಾಲದಂತೆ ಎರಡೂ ಬದಿಯ ಹಳಿಗಳಿಗೆ ಭಾರ ಹಂಚಿ ತುಂಬಬೇಕಿತ್ತು. ಇದನ್ನೇ ನಿಯಮ ಮಾಡಿಕೊಂಡು ಶಂಟಿಂಗ್ (ವ್ಯಾಗನ್ನುಗಳನ್ನು ಹಿಂದೆ ಮುಂದೆ ಓಡಿಸಿ ಜೋಡಿಸುವುದು) ಆಡಿದರೆ ಒಂದು ಸಂಜೆ ಹೇಗೆ ಕಳೆಯಿತೆಂದು ತಿಳಿಯುವುದಿಲ್ಲ. ತೊಂದರೆ ಜಾಗದ್ದು, ಅಳತೆಯ ಭಾಗದಲ್ಲಿ ಅದಕ್ಕೆ ಬರುತ್ತೇವೆ.

ಕೊಚ್ಚಿ: ವಿಲ್ಲಿಂಗ್ಡನ್ ದ್ವೀಪವೇ ಹೂಳೆತ್ತಿದ ಮಣ್ಣಿನಿಂದಾದದ್ದು. ರೈಲು ಅಲ್ಲಿಯ ಹಾರ್ಬರ್ ಟರ್ಮಿನಸ್‌ವರೆಗೆ ಹೋಗುತ್ತಿತ್ತು. ಉಬ್ಬರ ಒಂದು ಮೀಟರಿಗಿಂತ ಕಡಿಮೆ, ನೀರು ಹಸಿರುಕಂದು, ಮಳೆಗಾಲದಲ್ಲಿ ಹಿನ್ನೀರಿನಿಂದ ತೇಲಿ ಬರುವ ಅಂತರಗಂಗೆಯ ಗುಂಪುಗಳು. ಹಂಚಿನ ಮಾಡು, ಚಿರೆಕಲ್ಲು, ತೆಂಗು ನಮಗೆ ಗೊತ್ತಿರುವ ಲೋಕ. ಮಂಗಳೂರಿನ ಹಳೆ ಬಂದರಿನ ಗೋದಾಮುಗಳನ್ನು ಕಂಡವರಿಗೆ ಬಣ್ಣ ಹುಡುಕಬೇಕಾಗಿಯೇ ಇಲ್ಲ. ಆದರೆ ತಯಾರು ಕಿಟ್‌ಗಳು ಬಹಳ ಕಡಿಮೆ, ಕಟ್ಟಡಗಳನ್ನೆಲ್ಲ ಕೈಯಲ್ಲೇ ಕಟ್ಟಬೇಕು.

ಅಳತೆ

ಮಾದರಿ ರೈಲಿನ ಅಳತೆಗಳಲ್ಲಿ ಎಚ್‌ಒ ಎಂದರೆ 1:87, ಅಂದರೆ ನಿಜದ ವಸ್ತುವಿನ 87ರಲ್ಲಿ ಒಂದು ಪಾಲು; ಎನ್ ಎಂದರೆ 1:160. ಬ್ರಿಟಿಷ್ ಮಾದರಿಗಳು ಹೆಚ್ಚಾಗಿ ಒಒ, ಅಂದರೆ 1:76. ಹಳಿ ಮಾತ್ರ ಎಚ್‌ಒದ್ದೇ 16.5 ಮಿ.ಮೀ. ಬ್ರಿಸ್ಟಲ್ ಕಟ್ಟುವವರು ಯೋಚಿಸದೆ ಒಒ ಹಿಡಿಯಬಹುದು, ಕ್ರೇನು ಗೋದಾಮು ಎಲ್ಲ ಆ ಅಳತೆಯಲ್ಲೇ ಸಿಗುತ್ತವೆ.

ನ್ಯೂಯಾರ್ಕಿಗೆ ಎನ್. 330 ಅಡಿಯ ಬಾರ್ಜು ಎಚ್‌ಒದಲ್ಲಿ 115 ಸೆಂ.ಮೀ. ದಾಟುತ್ತದೆ, ನಮ್ಮ ಹಲಗೆಯೇ ಅಷ್ಟು. ಎನ್‌ನಲ್ಲಿ ಅದು 63 ಸೆಂ.ಮೀ. ಎಚ್‌ಒ ಬಿಡಲು ಮನಸ್ಸಿಲ್ಲದಿದ್ದರೆ ಬಾರ್ಜನ್ನು ಗಿಡ್ಡ ಮಾಡಿ, ಆದರೆ ಒಂದು ಹಳಿಗೆ ನಾಲ್ಕು ವ್ಯಾಗನ್ನಿಗಿಂತ ಕಡಿಮೆ ಮಾಡಬೇಡಿ. ಮೂರಾದರೆ ಅದು ಬಾರ್ಜಿನ ಬದಲು ತೆಪ್ಪದ ಹಾಗೆ ಕಾಣುತ್ತದೆ.

ಕೊಚ್ಚಿಗೆ ಬಂದರೆ ಒಂದು ಒಪ್ಪಂದ ಮಾಡಿಕೊಳ್ಳಲೇಬೇಕು. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 1:87ಕ್ಕೆ ಇಳಿಸಿದರೆ ಹಳಿಗಳ ನಡುವೆ 19.3 ಮಿ.ಮೀ. ಇರಬೇಕು, ಸಿಗುವುದು 16.5. ಶುದ್ಧ ಅಳತೆ ಬೇಕೆಂದು ಹಠ ಹಿಡಿದರೆ ಹಳಿಯನ್ನೂ ಗಾಲಿಯನ್ನೂ ನೀವೇ ಮಾಡಿಕೊಳ್ಳಬೇಕು. ಧಕ್ಕೆಯ ಮೇಲೆ ಹಳಿ ಕಲ್ಲುಹಾಸಿನಲ್ಲಿ ಹೂತಿರುವುದರಿಂದ ಸ್ಲೀಪರ್ ಕಾಣುವುದಿಲ್ಲ, ಕಣ್ಣಿಗೆ ಹೋಲಿಸಲು ಆಸರೆ ಸಿಗುವುದಿಲ್ಲ. ಈ 3 ಮಿ.ಮೀ. ಕೊರತೆ ಮುಚ್ಚಿಹೋಗುವ ಜಾಗವೆಂದರೆ ಧಕ್ಕೆಯೇ.

ಅಳತೆ ಗೊತ್ತಾದ ಮೇಲೆ ಮೂರು ಸಂಖ್ಯೆ ಗೋಡೆಗೆ ಬರೆದುಕೊಳ್ಳಿ. ನೀರಿನಿಂದ ಧಕ್ಕೆಯ ಮೇಲ್ಮೈಗೆ 2.5 ಮೀಟರ್ ಎಂದರೆ ಎಚ್‌ಒದಲ್ಲಿ 29 ಮಿ.ಮೀ., ಎನ್‌ನಲ್ಲಿ 16. ಒಂದೂವರೆ ಮೀಟರ್ ಉಬ್ಬರದ ಪಟ್ಟಿ ಎಚ್‌ಒದಲ್ಲಿ 17 ಮಿ.ಮೀ., ಎನ್‌ನಲ್ಲಿ 9. ಬಂದರೊಳಗಿನ ಅಲೆ 10ರಿಂದ 15 ಸೆಂ.ಮೀ., ಅಂದರೆ ಎಚ್‌ಒದಲ್ಲಿ ಒಂದೂವರೆ ಮಿ.ಮೀ., ಎನ್‌ನಲ್ಲಿ ಒಂದಕ್ಕಿಂತ ಕಡಿಮೆ. ಹೆಚ್ಚಿನವರು ಎಡವುವುದು ಈ ಮೂರನೆಯದರಲ್ಲಿ. ಬೆರಳಿಗೆ ಸಿಗುವಂಥ 5 ಮಿ.ಮೀ. ಅಲೆ ಎಬ್ಬಿಸುತ್ತಾರೆ, ಎಚ್‌ಒ ದೋಣಿಯವನಿಗೆ ಅದು ಒಂದೂವರೆ ಅಡಿಯ ತೆರೆ.

ನೀರು: ನಾಲ್ಕು ದಾರಿ

ಬಣ್ಣ ಎಲ್ಲಕ್ಕೂ ಸಮಾನ, ಅದನ್ನು ಮೊದಲು ಹೇಳಿಬಿಡೋಣ. ನೀರಿಗೆ ನೀಲಿ ಬಳಿಯಬೇಡಿ. ಬಂದರಿನ ನೀರಿನಲ್ಲಿ ನೀಲಿ ಕಂಡರೆ ಅದು ಆಕಾಶದ ಪ್ರತಿಬಿಂಬ. ನಿಮ್ಮ ಮಾದರಿಯ ಹೊಳಪೂ ಹಿಂದಿನ ಆಕಾಶದ ಚಿತ್ರವನ್ನು ತಾನಾಗಿ ಪ್ರತಿಬಿಂಬಿಸುತ್ತದೆ. ಕೆಳಗೂ ನೀಲಿ ಬಳಿದರೆ ಈಜುಕೊಳವಾಗುತ್ತದೆ. ಬರ್ನ್ಟ್ ಅಂಬರ್ ಮೂರು ಪಾಲು, ಸ್ಯಾಪ್ ಗ್ರೀನ್ ಎರಡು, ಕಪ್ಪು ಒಂದು. ಕೊಚ್ಚಿಗಾದರೆ ಕಪ್ಪು ಕಡಿಮೆ ಮಾಡಿ ಸ್ವಲ್ಪ ಯೆಲ್ಲೊ ಓಕರ್. ಗೋಡೆಯ ಬುಡದಲ್ಲಿ, ಧಕ್ಕೆಯ ಹಲಗೆಯಡಿಯಲ್ಲಿ ಕಪ್ಪು ಹೆಚ್ಚಿಸಿ, ಹಸಿಯಿರುವಾಗಲೇ ದೊಡ್ಡ ಬ್ರಷ್ಷಿನಿಂದ ಮುಂದಕ್ಕೆ ಎಳೆದು ಬೆರೆಸಿ. ಬಣ್ಣ ಒಣಗಿದಾಗ ಮಂಕಾಗಿ, ಕೊಳೆ ಹಿಡಿದ ಹಾಗೆ ಕಾಣುತ್ತದೆ. ಗಾಬರಿ ಬೇಡ, ಹೊಳಪು ಬಿದ್ದ ಕೂಡಲೇ ಆಳ ಬರುತ್ತದೆ.

ಮೊದಲ ದಾರಿ, ಟಿಶ್ಯೂ ಮತ್ತು ಫೆವಿಕಾಲ್. ಎರಡು ಪದರದ ಟಿಶ್ಯೂವನ್ನು ಬಿಡಿಸಿ ಒಂದೇ ಪದರ ಹಾಸಿ, ಸಮಸಮ ನೀರು ಬೆರೆಸಿದ ಫೆವಿಕಾಲನ್ನು ಮೆತ್ತಗೆ ಬಳಿಯುತ್ತ ಬ್ರಷ್ಷಿನ ತುದಿಯಿಂದ ಸುಕ್ಕು ಮಾಡುತ್ತ ಹೋಗಿ. ಒಣಗಿದ ಮೇಲೆ ಬಣ್ಣ, ಆಮೇಲೆ ನೀರು ಆಧಾರಿತ ಹೊಳಪು ವಾರ್ನಿಷ್ ಮೂರು ಕೋಟು. ಖರ್ಚು ಇಲ್ಲವೇ ಇಲ್ಲ ಎನ್ನಬಹುದು. ಗಾಳಿ ಬೀಸುವ ಹೊರಬಂದರಿಗೆ ಅದ್ಭುತವಾಗಿ ಹೊಂದುತ್ತದೆ, ಬ್ರಿಸ್ಟಲ್‌ನ ನಿಂತ ನೀರಿಗೆ ಹೊಂದುವುದಿಲ್ಲ. ಕೆಡುವುದು ಎಲ್ಲಿ ಅಂದರೆ ಕಾಗದಗಳ ಜೋಡಣೆಯಲ್ಲಿ: ಕತ್ತರಿಸಿದ ನೇರ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಅಂಚನ್ನು ಕೈಯಲ್ಲೇ ಹರಿದು, ಒಂದರ ಮೇಲೊಂದು ಒಂದು ಸೆಂ.ಮೀ. ಬರುವಂತೆ ಹಾಸಿ. ಎಣ್ಣೆ ಆಧಾರಿತ ಪಿಯು ವಾರ್ನಿಷ್ ಮನೆಯಲ್ಲಿ ಉಳಿದಿದೆ ಅಂತ ಬಳಿಯಬೇಡಿ, ವರ್ಷ ಕಳೆಯುವಷ್ಟರಲ್ಲಿ ಹಳದಿಗೆ ತಿರುಗುತ್ತದೆ.

ಎರಡನೆಯದು ಗ್ಲಾಸ್ (gloss, ಅಂದರೆ ಹೊಳಪಿನ) ಜೆಲ್ ಮೀಡಿಯಂ. ಚಿತ್ರಕಲೆಯ ಅಂಗಡಿಯಲ್ಲಿ ಸಿಗುವ, ಬೆಣ್ಣೆಯಷ್ಟು ಗಟ್ಟಿ ಇರುವ ಬಿಳಿ ಪೇಸ್ಟ್, ಒಣಗಿದರೆ ಪಾರದರ್ಶಕ. ನಮ್ಮ 120×18 ಸೆಂ.ಮೀ. ನೀರಿಗೆ ಒಂದು ಮಿ.ಮೀ. ದಪ್ಪಕ್ಕೆ 216 ಮಿ.ಲೀ. ಬೇಕು, 250ರ ಡಬ್ಬಿ ತಂದರೆ ಸಾಕು. ಅರ್ಧ ಇಂಚಿನ ಚಪ್ಪಟೆ ಬ್ರಷ್ಷಿನಲ್ಲಿ ಜೆಲ್ ಹಚ್ಚಿ, ಬ್ರಷ್ಷನ್ನು ನೆಟ್ಟಗೆ ಹಿಡಿದು ಒತ್ತಿ ಎತ್ತಿ, ಒತ್ತಿ ಎತ್ತಿ. ಪ್ರತಿ ಸಲ ಎತ್ತುವಾಗ ಸಣ್ಣ ಕೊಂಬು ಏಳುತ್ತದೆ. ಐದು ನಿಮಿಷ ಬಿಟ್ಟರೆ ಅದು ತಾನೇ ಕುಸಿದು ದುಂಡಗಿನ ಅಲೆಯಾಗುತ್ತದೆ. ಒಂದು ಚದರಡಿ ಮುಗಿಸಿ ಮುಂದಿನದಕ್ಕೆ ಹೋಗಿ. ಇಡೀ ಹಲಗೆಗೆ ಒಮ್ಮೆಲೇ ಹಚ್ಚಿದರೆ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಕೆನೆಗಟ್ಟಿರುತ್ತದೆ, ಮುಟ್ಟಿದರೆ ಚೂರುಚೂರಾಗಿ ಏಳುತ್ತದೆ. ಒಂದು ದಿನ ಒಣಗಲು ಬಿಟ್ಟು ಎರಡನೇ ಪದರ. ಮೂರು ಮಿ.ಮೀ. ಒಂದೇ ಸಲ ಹಾಕಿದರೆ ಒಳಗಿನ ತೇವ ಹೊರಬರಲಾಗದೆ ಮಜ್ಜಿಗೆಯ ಬಣ್ಣ ಹಾಗೇ ನಿಲ್ಲುತ್ತದೆ. ತಪ್ಪಾದರೆ ಮೇಲೆ ಇನ್ನೊಂದು ಪದರ ಹಚ್ಚಿ ಸರಿಮಾಡಬಹುದು. ಉಳಿದ ದಾರಿಗಳಲ್ಲಿ ತಪ್ಪಿಗೆ ಇಷ್ಟು ಸುಲಭದ ಮಾಫಿ ಇಲ್ಲ. ಧಕ್ಕೆಗೆ ನಮ್ಮ ಮತ ಇದಕ್ಕೇ.

ಮೂರನೆಯದು ಸುರಿಯುವ ಅಕ್ರಿಲಿಕ್ ನೀರು. ವುಡ್‌ಲ್ಯಾಂಡ್ ಸೀನಿಕ್ಸ್ ಕಂಪನಿಯ ರಿಯಲಿಸ್ಟಿಕ್ ವಾಟರ್ ಇದರಲ್ಲಿ ಹೆಚ್ಚು ಹೆಸರಾದದ್ದು. ಬೆರೆಸುವ ಕೆಲಸವಿಲ್ಲ, ವಾಸನೆ ಇಲ್ಲ, ಬಾಟಲಿ ತೆರೆದು ಸುರಿದರಾಯಿತು. ಆದರೆ ಒಂದು ಸಲಕ್ಕೆ 3 ಮಿ.ಮೀ.ಗಿಂತ ಹೆಚ್ಚು ಸುರಿಯುವಂತಿಲ್ಲ, ಪದರಕ್ಕೆ 24 ಗಂಟೆ. ಇದು ಒಣಗುವುದು ನೀರು ಆರುವುದರಿಂದ. ಹಾಗಾಗಿ ಸ್ವಲ್ಪ ಕುಗ್ಗುತ್ತದೆ, ಗೋಡೆಯ ಅಂಚಿನಲ್ಲಿ ಸಣ್ಣ ಸಂದು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಇದರ ತಂಟೆಗೆ ಹೋಗಬೇಡಿ. ಬಟ್ಟೆಯೇ ಒಣಗದ ಹವೆಯಲ್ಲಿ ಇದೆಲ್ಲಿ ಒಣಗೀತು?

ನಾಲ್ಕನೆಯದು ಎಪಾಕ್ಸಿ ರೆಸಿನ್. ಕಲ್ಲುಹಾಸಿನ ಜಾರು ಇಳಿಜಾರು ನೀರೊಳಗೆ ಮಾಯವಾಗುವುದು, ಅರ್ಧ ಮುಳುಗಿದ ಹಳೆ ದೋಣಿ, ಗೂಟಗಳ ನಡುವೆ ಕೆಳಗಿನ ಕೆಸರು ಕಾಣುವುದು, ಇಂಥ ಒಂದು ಮೂಲೆ ನಿಮ್ಮ ವಿನ್ಯಾಸದಲ್ಲಿದ್ದರೆ ಮಾತ್ರ ಇದು. ಆಗಲೂ ಆ ಮೂಲೆಗಷ್ಟೇ ಅಡ್ಡಗಟ್ಟೆ ಹಾಕಿ ಸುರಿದು, ಉಳಿದದ್ದನ್ನು ಜೆಲ್‌ನಲ್ಲಿ ಮುಗಿಸಬಹುದು. ಇಡೀ ನೀರಿಗೆ 3 ಮಿ.ಮೀ. ಎಂದರೆ 650 ಮಿ.ಲೀ., 1 ಸೆಂ.ಮೀ. ಎಂದರೆ 2.16 ಲೀಟರ್, ವಿಡಿಯೊದ ಎರಡಿಂಚು ಬೇಕೆಂದರೆ ಹತ್ತಿರಹತ್ತಿರ 11 ಲೀಟರ್.

ರೆಸಿನ್ ಕೆಡುವುದು ಹೆಚ್ಚಾಗಿ ಸುರಿಯುವ ಮೊದಲೇ. ಡಬ್ಬಿಯ ಮೇಲೆ 2:1 ಎಂದಿದ್ದರೆ ಅದು ಪರಿಮಾಣವೋ ತೂಕವೋ ನೋಡಿ. ರೆಸಿನ್ನಿಗಿಂತ ಹಾರ್ಡನರ್ ಹಗುರ, ಪರಿಮಾಣದ ಲೆಕ್ಕವನ್ನು ತಕ್ಕಡಿಯಲ್ಲಿ ತೂಗಿದರೆ ಪ್ರಮಾಣ ತಪ್ಪುತ್ತದೆ, ಮೇಲ್ಮೈ ತಿಂಗಳಾದರೂ ಅಂಟಂಟು. ಒಂದು ಲೋಟದಲ್ಲಿ ನಾಲ್ಕು ನಿಮಿಷ ನಿಧಾನವಾಗಿ ಕಲಸಿ, ಬೇರೆ ಲೋಟಕ್ಕೆ ಬಗ್ಗಿಸಿ, ಬೇರೆ ಕಡ್ಡಿಯಿಂದ ಇನ್ನೊಂದು ನಿಮಿಷ ಕಲಸಿ. ಮೊದಲ ಲೋಟದ ಗೋಡೆಗೆ ಅಂಟಿದ್ದು ಬೆರೆತಿರುವುದಿಲ್ಲ, ಅದನ್ನು ಕೆರೆದು ಹಾಕಬೇಡಿ. ಮೇಲ್ಮೈಗೆ ಹಚ್ಚುವ ಬಗೆಯ ರೆಸಿನ್ನನ್ನು ಒಮ್ಮೆಗೆ 3 ಮಿ.ಮೀ.ಗಿಂತ ದಪ್ಪ ಸುರಿದರೆ ಕಾವು ಏರಿ ಬಿರುಕು ಬಿಡುತ್ತದೆ, ಕೆಳಗಿನ ಫೋಮ್ ಕರಗುತ್ತದೆ. ಆಳ ಬೇಕಿದ್ದರೆ ನಿಧಾನವಾಗಿ ಗಟ್ಟಿಯಾಗುವ ಬೇರೆ ಬಗೆಯದನ್ನೇ ಕೇಳಿ ತನ್ನಿ. ಫೈಬರ್‌ಗ್ಲಾಸ್ ಅಂಗಡಿಯ ಅಗ್ಗದ ರೆಸಿನ್ ಪಾಲಿಯೆಸ್ಟರ್. ಅದು ಥರ್ಮೊಕೋಲನ್ನೂ ಎಕ್ಸ್‌ಪಿಎಸ್ ಫೋಮನ್ನೂ ಸಕ್ಕರೆಯಂತೆ ಕರಗಿಸಿಬಿಡುತ್ತದೆ.

ಸುರಿಯುವ ಮೊದಲು ಮೇಸ್ತ್ರಿಯ ರಸಮಟ್ಟ ಇಟ್ಟು ನೋಡಿ. 120 ಸೆಂ.ಮೀ.ಗೆ 2 ಮಿ.ಮೀ. ವಾಲಿದ್ದರೂ ಒಂದು ತುದಿಯಲ್ಲಿ 4 ಮಿ.ಮೀ., ಇನ್ನೊಂದು ತುದಿಯಲ್ಲಿ 2 ಮಿ.ಮೀ. ನಿಲ್ಲುತ್ತದೆ. ಮುಂಭಾಗಕ್ಕೆ ಪ್ಯಾಕಿಂಗ್ ಟೇಪ್ ಸುತ್ತಿದ ಪಟ್ಟಿಯನ್ನು ತಡೆಯಾಗಿ ಕಟ್ಟಿ, ಟೇಪಿಗೆ ಎಪಾಕ್ಸಿ ಹಿಡಿಯುವುದಿಲ್ಲ, ಆಮೇಲೆ ಕಳಚಬಹುದು. ಸೂಜಿ ರಂಧ್ರವಿದ್ದರೂ ರಾತ್ರೋರಾತ್ರಿ ಅರ್ಧ ರೆಸಿನ್ ನೆಲದಲ್ಲಿರುತ್ತದೆ. ತಳಕ್ಕೂ ಮೂಲೆಗಳಿಗೂ ಮೊದಲು ಎರಡು ಕೋಟು ಫೆವಿಕಾಲ್ ಬಳಿದು ಒಣಗಿಸಿ. ಕೈಗೆ ನೈಟ್ರೈಲ್ ಗ್ಲೌಸು, ಕಿಟಕಿ ತೆರೆದಿರಲಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಬಿಟ್ಟುಹೋಗುವುದಿಲ್ಲ.

ಇನ್ನೊಂದು ವಿಷಯಕ್ಕೆ ಎಲ್ಲರೂ ಬೇಸರಪಡುತ್ತಾರೆ: ರೆಸಿನ್ ಗೋಡೆ, ಗೂಟಗಳ ಮೇಲೆ ಒಂದೆರಡು ಮಿ.ಮೀ. ಹತ್ತಿ ಹೊಳೆಯುತ್ತದೆ. ಎಚ್‌ಒದಲ್ಲಿ 2 ಮಿ.ಮೀ. ಎಂದರೆ 17 ಸೆಂ.ಮೀ., ನೀರು ತಾಗಿ ಒದ್ದೆಯಾದ ಕಲ್ಲು ನಿಜದಲ್ಲೂ ಅಷ್ಟು ಹೊಳೆಯುತ್ತದೆ. ಬಿಡಿ, ಹಾಗೇ ಇರಲಿ. ಎನ್‌ನಲ್ಲಿ ಮಾತ್ರ ಅದು ಒಂದು ಅಡಿಯಷ್ಟಾಗುತ್ತದೆ; ಅಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಹಚ್ಚಿ ಆ ಹೊಳಪನ್ನು ಅಡಗಿಸಿ.

ಬಾತ್‌ರೂಮ್ ಕಿಟಕಿಯ ಉಬ್ಬುತಗ್ಗಿನ ಗಾಜು, ಅಕ್ರಿಲಿಕ್ ಹಾಳೆ ಬಳಸುವವರೂ ಇದ್ದಾರೆ. ಅದರ ಉಬ್ಬುಗಳು ಸಾಮಾನ್ಯವಾಗಿ ಸೆಂಟಿಮೀಟರ್ ಅಗಲ, ಅಳತೆಗೆ ಕೂರದು. ದೋಣಿಯ ಸುತ್ತ ಕತ್ತರಿಸಿದ ಗೆರೆ ಮುಚ್ಚಲು ಕೊನೆಗೆ ಜೆಲ್ಲೇ ಬೇಕು.

ಗೋಡೆ

ಇಲ್ಲಿ ಸ್ಪರ್ಧೆ ಎಕ್ಸ್‌ಪಿಎಸ್ ಫೋಮ್ ಮತ್ತು ಪ್ಲಾಸ್ಟರ್ ಆಫ್ ಪ್ಯಾರಿಸ್ ನಡುವೆ. ತಾರಸಿಯ ಶಾಖ ತಡೆಯಲು ಹಾಕುವ ಗಟ್ಟಿ ಬಣ್ಣದ ಹಲಗೆಯೇ ಎಕ್ಸ್‌ಪಿಎಸ್. ಕಾಳುಕಾಳಾಗಿ ಉದುರುವ ಬಿಳಿ ಥರ್ಮೊಕೋಲ್ ಕೆತ್ತಲು ಬಾರದು. 1.2 ಮೀಟರ್ ಉದ್ದ, 45 ಸೆಂ.ಮೀ. ಎತ್ತರದ ಕಲ್ಲು ಎಚ್‌ಒದಲ್ಲಿ 14×5 ಮಿ.ಮೀ. ಮೊಂಡು ಪೆನ್ಸಿಲಿನಿಂದ ಗೆರೆ ಒತ್ತಿ, ಸಾಲಿನಿಂದ ಸಾಲಿಗೆ ಸಂದು ಅರ್ಧ ಕಲ್ಲು ಜರುಗಲಿ, ಆಮೇಲೆ ಅಲ್ಯುಮಿನಿಯಂ ಫಾಯಿಲಿನ ಉಂಡೆಯನ್ನು ಮೇಲೆ ಉರುಳಿಸಿದರೆ ಕಲ್ಲಿನ ತರಿ ಬರುತ್ತದೆ. 120 ಸೆಂ.ಮೀ. ಗೋಡೆ ಒಂದು ಮಧ್ಯಾಹ್ನದ ಕೆಲಸ. ಸ್ಪ್ರೇ ಬಣ್ಣ ಮಾತ್ರ ಬೇಡ, ಅದರ ದ್ರಾವಕ ಫೋಮನ್ನು ತಿನ್ನುತ್ತದೆ.

ಪ್ಲಾಸ್ಟರ್ ಗೋಡೆಗೆ 8 ಮಿ.ಮೀ. ದಪ್ಪದಲ್ಲಿ ಸುಮಾರು 300 ಗ್ರಾಂ ಪುಡಿ, 200 ಮಿ.ಲೀ. ನೀರು ಸಾಕು. ಅಂಚುಗಳು ಹರಿತ, ಬಣ್ಣ ಹೀರುವ ರೀತಿ ನಿಜವಾದ ಕಲ್ಲಿನಂತೆ. ಆದರೆ ಸಾಗಿಸುವಾಗ ಮೂಲೆ ಮುರಿದರೆ ಬೆಳ್ಳಗೆ ಇಣುಕುತ್ತದೆ. ಪ್ರದರ್ಶನಕ್ಕೆ ಹೊತ್ತುಕೊಂಡು ಹೋಗುವುದಿದ್ದರೆ ಫೋಮ್, ಮನೆಯಲ್ಲೇ ಇರುವುದಿದ್ದರೆ ಪ್ಲಾಸ್ಟರ್. ಧಕ್ಕೆಯ ಅಂಚಿನ ಹೊದಿಕೆ ಕಲ್ಲನ್ನು ಮಾತ್ರ ಎರಡರಲ್ಲೂ 2 ಮಿ.ಮೀ. ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿ, ಕೈ ತಾಗುವ ಜಾಗ ಅದು.

ಪಾಚಿಯನ್ನು ಮೇಲಿಂದ ಕೆಳಕ್ಕೆ ಮೂರು ಹಂತವಾಗಿ ಬಳಿಯಿರಿ: ಉಬ್ಬರದ ಗೆರೆಯಲ್ಲಿ ಒಣ ಬೂದು, ಅದರ ಕೆಳಗೆ ಹಸಿರು, ನೀರಿನ ಬಳಿ ಕರಿಗಂದು. ಗೆರೆ ಸ್ಕೇಲಿನಷ್ಟು ನೇರ ಇರಲಿ. ಗೋಡೆ ಡೊಂಕಿರಬಹುದು, ನೀರು ಡೊಂಕಿರುವುದಿಲ್ಲ.

ಮರದ ಗೂಟ

ನ್ಯೂಯಾರ್ಕಿನ ಧಕ್ಕೆಗೆ ಕಲ್ಲಿಗಿಂತ ಮರ ಹೆಚ್ಚು. ಎಚ್‌ಒಗೆ 3 ಮಿ.ಮೀ. ಬಿದಿರಿನ ಕಬಾಬ್ ಕಡ್ಡಿ 26 ಸೆಂ.ಮೀ. ದಪ್ಪದ ಗೂಟಕ್ಕೆ ಸಮ. ಎನ್‌ಗೆ ಊದುಬತ್ತಿ ಕಡ್ಡಿ, ಬೆಂಗಳೂರಿನಲ್ಲಿ ಕುಳಿತು ಇದಕ್ಕೆ ದುಡ್ಡು ಕೊಡುವುದು ಅವಮಾನ. ಗೂಟದಿಂದ ಗೂಟಕ್ಕೆ 3 ಮೀಟರ್, ಅಂದರೆ ಎಚ್‌ಒದಲ್ಲಿ 35 ಮಿ.ಮೀ.; ಎರಡು ಸಾಲಿಗೆ 70 ಗೂಟ, 5 ಸೆಂ.ಮೀ.ಯಂತೆ 25 ಸೆಂ.ಮೀ. ಕಡ್ಡಿ 14 ಬೇಕು, ಗಂಟಿರುವ ತುಂಡು ಬಿಸಾಡುವ ಲೆಕ್ಕದಲ್ಲಿ 20 ತನ್ನಿ. ಬಿದಿರಿನ ನುಣುಪು ಸಿಪ್ಪೆಗೆ ಬಣ್ಣ ಹಿಡಿಯದು, 120 ನಂಬರಿನ ಮರಳುಕಾಗದದಿಂದ ಉದ್ದಕ್ಕೆ ತಿಕ್ಕಿ. 200 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ 5 ಮಿ.ಲೀ. ಇಂಡಿಯನ್ ಇಂಕ್ ಬೆರೆಸಿ ಅದರಲ್ಲಿ ಅದ್ದಿ ತೆಗೆದರೆ ಮಳೆಬಿಸಿಲು ಕಂಡ ಬೂದುಬಣ್ಣ. ಇದನ್ನು ಅಂಟಿಸುವ ಮೊದಲೇ ಮಾಡಬೇಕು. ಫೆವಿಕಾಲ್ ತಾಗಿದ ಕಡೆ ಇಂಕು ಇಳಿಯುವುದಿಲ್ಲ, ಜಾಯಿಂಟುಗಳೆಲ್ಲ ಬಿಳಿ ಚುಕ್ಕೆಯಾಗಿ ಉಳಿಯುತ್ತವೆ.

ಹೂತ ಹಳಿ

ಹಳಿಯ ಮೇಲ್ತುದಿಗಿಂತ ಕಲ್ಲುಹಾಸು ಅರ್ಧ ಮಿ.ಮೀ. ಕೆಳಗಿರಲಿ. ಸಮ ಮಾಡಿದರೆ ಹಳಿ ಉಜ್ಜುವ ಪ್ರತಿ ಸಲ ಕಲ್ಲಿನ ಬಣ್ಣವೂ ಹೋಗುತ್ತದೆ, ಎಂಜಿನ್ನಿನ ತಳ ತಾಗಿ ಗಾಲಿ ಎತ್ತುತ್ತದೆ. ಒಳಬದಿಯಲ್ಲಿ ಗಾಲಿಯ ತುಟಿಗೆ ಎಚ್‌ಒದಲ್ಲಿ ಒಂದೂವರೆ ಮಿ.ಮೀ. ಜಾಗ; ಪ್ಲಾಸ್ಟರ್ ಅರೆಗಟ್ಟಿ ಇರುವಾಗ ಹಳೆಯ ವ್ಯಾಗನ್ನೊಂದನ್ನು ಹತ್ತಾರು ಸಲ ಓಡಿಸಿದರೆ ಅದೇ ತೋಡಿಕೊಡುತ್ತದೆ. ಪಾಯಿಂಟ್‌ಗಳನ್ನು, ಅಂದರೆ ಹಳಿ ಕವಲೊಡೆಯುವ ಜಾಗಗಳನ್ನು, ಹೂಳುವ ಆಸೆ ಬೇಡ. ಅವು ಧಕ್ಕೆಯ ಹೊರಗೆ, ಜಲ್ಲಿಯ ಮೇಲೆಯೇ ಇರಲಿ.

ದೋಣಿ ಕೂರಿಸುವುದು

ಹಳಿ ಪರೀಕ್ಷೆ, ಗೋಡೆ, ಬಣ್ಣ, ಜಲ್ಲಿ ಎಲ್ಲ ಮುಗಿದು, ವ್ಯಾಕ್ಯೂಮ್ ಹಾಕಿ ಧೂಳು ತೆಗೆದ ಮೇಲೆಯೇ ನೀರು. ದೋಣಿಯ ತಳವನ್ನು ನೀರುಮಟ್ಟಕ್ಕೆ ಕತ್ತರಿಸಿ. ಪೆನ್ಸಿಲನ್ನು ಒಂದು ಮರದ ತುಂಡಿಗೆ ಕಟ್ಟಿ ಮೇಜಿನ ಮೇಲೆ ಜಾರಿಸುತ್ತ ಸುತ್ತಲೂ ಗೆರೆ ಎಳೆದರೆ ಮಟ್ಟ ತಪ್ಪುವುದಿಲ್ಲ. ಖಾಲಿ ಬಾರ್ಜು ಎತ್ತರ ತೇಲುತ್ತದೆ, ಕೆಳಗಿನ ಕೆಂಪು ಬಣ್ಣ ಕಾಣಬೇಕು. ತುಂಬಿದ್ದು ಗೋಣುಮುಳುಗ ಇಳಿದಿರುತ್ತದೆ. ಒಣಗಿದ ನೀರಿನ ಮೇಲೆ ದೋಣಿಯಿಟ್ಟು, ಸುತ್ತ ಜೆಲ್‌ನ ತೆಳು ಎಳೆ ಹಾಕಿ ಒದ್ದೆ ಬ್ರಷ್ಷಿನಿಂದ ಹೊರಕ್ಕೆ ಎಳೆಯಿರಿ, ಸಂದು ಮಾಯ.

ಕಟ್ಟುವ ಹಗ್ಗಕ್ಕೆ ಹತ್ತಿಯ ದಾರವಾದರೆ ಜುಂಗು ಎದ್ದು ತೆಂಗಿನ ನಾರಿನಂತಾಗುತ್ತದೆ, ಪಾಲಿಯೆಸ್ಟರ್ ದಾರ ತೆಗೆದುಕೊಳ್ಳಿ. ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ, ಧಕ್ಕೆಯ ಬೊಲ್ಲಾರ್ಡಿಗೂ (ಹಗ್ಗ ಕಟ್ಟುವ ಗಿಡ್ಡ ಕಂಬ) ದೋಣಿಗೂ ಕಟ್ಟಿ, ಒಣಗುವವರೆಗೆ ನಡುವೆ ಸಣ್ಣ ಕ್ಲಿಪ್ಪೊಂದನ್ನು ತೂಗುಬಿಡಿ. ಉಬ್ಬರವಿರುವ ಊರಿನಲ್ಲಿ ಹಗ್ಗವನ್ನು ಬಿಗಿಯಾಗಿ ಕಟ್ಟುವವರಿಲ್ಲ; ನೀರಿಳಿದರೆ ದೋಣಿ ಗೋಡೆಗೆ ನೇತಾಡೀತು. ಬ್ರಿಸ್ಟಲ್‌ನ ಲಾಕಿನ ಒಳಗಾದರೆ ಹಗ್ಗ ಅಷ್ಟು ಜೋಲದಿದ್ದರೂ ನಡೆಯುತ್ತದೆ.